ಅಡಿಗೆಮನೆಗೆ ಬಂದ ನಲ್ಲಿ

ಕೆಂಪಣ್ಣನ ತೋಟದ ಮನೆಯಲ್ಲಿ ಬೋರಿನ ಮೋಟ್ರು ಕೆಟ್ಟು ನಿಂತದ್ದು ಶಿವರಾತ್ರಿ ಕಳೆದ ಸೋಮವಾರ. ಮನೆ ಇದ್ದದ್ದು ದೇವಲಾಪುರದ ಆಚೆ, ಟಾರು ರಸ್ತೆ ಬಿಟ್ಟು ಒಳಗೆ. ಬೆಳಿಗ್ಗೆ ಅವನು ಸ್ಟಾರ್ಟರಿನ ಹಸಿರು ಗುಂಡಿಯನ್ನು ಮೂರು ಸಲ ಒತ್ತಿದ. ಗುಂಯ್ ಎಂದು ಸದ್ದಾಗಿ ನಿಂತುಹೋಯಿತು. ನಾಲ್ಕನೆಯ ಸಲ ಒತ್ತಿದಾಗ ಸುಟ್ಟ ವಾಸನೆ ಬಂತು.

"ಲೇ ನಿಂಗ, ಮೋಟ್ರು ಓಯ್ತು ಕಣ್ಲಾ," ಎಂದು ಕೂಗಿದ.

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಮಗ ನಿಂಗರಾಜು ತಲೆ ಎತ್ತಿ ಕೇಳಿದ ಮೊದಲ ಮಾತು, "ಅಸುಗಳ್ಗೆ ನೀರು?"

ನಾಲ್ಕು ಸೀಮೆ ಹಸುಗಳಿದ್ದವು. ಪಕ್ಕದ ಹೊಲದ ಕುಳ್ಳಯ್ಯನ ಬೋರು ಚೆನ್ನಾಗಿತ್ತು, ಅಲ್ಲೇ ಒಂದು ತೊಟ್ಟಿಯೂ ಇತ್ತು. ದಿನಕ್ಕೆ ಮೂರು ಸಲ ಹಸುಗಳನ್ನು ಅಲ್ಲಿಗೆ ಹೊಡೆದುಕೊಂಡು ಹೋಗುವುದೆಂದು ಅಪ್ಪ ಮಗ ನಿಂತ ನಿಲುವಿನಲ್ಲೇ ತೀರ್ಮಾನ ಮಾಡಿದರು. ಮನೆಯ ನೀರಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅದು ಯಾವತ್ತೂ ಹೆಂಗಸರ ಸೊಂಟದ ಮೇಲೆ ಬರುತ್ತಿದ್ದ ನೀರು. ಇಷ್ಟು ದಿನ ಕೊಟ್ಟಿಗೆ ಪಕ್ಕದ ತೊಟ್ಟಿಯಿಂದ ಬರುತ್ತಿತ್ತು. ಇನ್ನು ಕುಳ್ಳಯ್ಯನ ಹೊಲದಿಂದ ಬರಬೇಕಿತ್ತು, ಅಷ್ಟೆ.

ಸೊಸೆ ರಂಜಿತ ಊರಿನ ಡೈರಿಯಲ್ಲಿ ಹಾಲು ಅಳೆದು ಪರೀಕ್ಷೆ ಮಾಡುವ ಕೆಲಸದವಳು. ಬೆಳಿಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಹೊರಟರೆ ಬರುವುದು ಎಂಟಕ್ಕೆ, ಮತ್ತೆ ಸಂಜೆ ಹೋಗಬೇಕು. ಹಾಗಾಗಿ ಬೆಳಗಿನ ನೀರು ಅತ್ತೆ ಪುಟ್ಟಗೌರಮ್ಮನ ಮೇಲೂ ಒಂಬತ್ತನೆಯ ಕ್ಲಾಸಿನ ಮಗಳು ಸ್ನೇಹಳ ಮೇಲೂ ಬಿತ್ತು. ಹುಡುಗಿ ಎರಡು ಜಡೆ ಹಾಕಿಕೊಂಡು, ಯೂನಿಫಾರಮ್ಮಿನ ಮೇಲೆ ಒಂದು ಟವಲು ಸುತ್ತಿಕೊಂಡು ಬದುವಿನ ಮೇಲೆ ಓಡಾಡಿದಳು.

ಗುರುವಾರ ರಾತ್ರಿ ಊಟಕ್ಕೆ ಕೂತಾಗ ಸ್ನೇಹ ಮುದ್ದೆ ಮುರಿಯದೆ ಸುಮ್ಮನೆ ಕೂತಿದ್ದಳು.

"ಯಾಕೆ ಮಗ?" ಎಂದಳು ಅಜ್ಜಿ.

"ಮೊದಲ್ನೇ ಪೀರಿಯಡ್ಡು ಮ್ಯಾತ್ಸು. ಮೂರು ದಿನದಿಂದ ಲೇಟು ಅಂತ ಆಚೆ ನಿಲ್ಸ್ತಾವ್ರೆ. ನಾಳೆ ಅಪ್ಪನ್ನ ಕರ್ಕೊಂಡು ಬಾ ಅಂದವ್ರೆ."

"ಒಂದ್ ವಾರದ್ ಮಾತು ಕಣ್ ಮಗ," ಎಂದ ಕೆಂಪಣ್ಣ, ಹುರುಳಿ ಸಾರಿಗೆ ಮುದ್ದೆ ಅದ್ದುತ್ತ. "ಲೋಕೇಶಂಗೆ ಫೋನ್ ಮಾಡಿವ್ನಿ, ಶನಿವಾರ ಬತ್ತಾನೆ. ಅಷ್ಟ್ರಲ್ಲಿ ಸ್ಕೂಲೇನು ಓಡೋಯ್ತದಾ?"

ರಂಜಿತ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಓಡೋಯ್ತದೆ ಮಾವ. ನಂದು ಅಂಗೇ ಓಡೋಗಿದ್ದು. ಪಿಯುಸಿ ಎರಡ್ನೇ ವರ್ಷ ನಮ್ಮೂರ್ ಬಾವಿ ಬತ್ತೋಯ್ತು. ಒಂದ್ ತಿಂಗ್ಳು ಅಂದ್ರು. ಮತ್ತೆ ಕಾಲೇಜಿನ್ ಮೆಟ್ಲು ಅತ್ನಿಲ್ಲ ನಾನು."

"ಈಗೇನಾಯ್ತು ಅಂತ ರಾಗ ತಗೀತಿದ್ದೀ?" ಎಂದ ನಿಂಗರಾಜು.

"ನಾಳೆ ನೀವ್ ಹೋಗಿ ಮೇಷ್ಟ್ರ ಮುಂದೆ ನಿಂತ್ಕೊಳಿ, ಏನಾಯ್ತು ಅಂತ ಅವ್ರೇ ಹೇಳ್ತಾರೆ."

ಮೇಷ್ಟರ ಮುಂದೆ ಮಾರನೆಯ ದಿನ ಹೋಗಿ ನಿಂತವಳು ರಂಜಿತಳೇ.

ಶನಿವಾರ ನಾಗಮಂಗಲದಿಂದ ಪಂಪು ರಿಪೇರಿಯ ಲೋಕೇಶ್ ಗಾಡಿ ತಂದ. ರಾಟೆ ಕಟ್ಟಿ ಒಂದೊಂದೇ ಪೈಪು ಮೇಲಕ್ಕೆಳೆದ. ಕೆಳಗಿನ ಪೈಪುಗಳೆಲ್ಲ ತುಕ್ಕು ಹಿಡಿದು ತೂತಾಗಿದ್ದವು, ಮೋಟ್ರಿನ ವೈಂಡಿಂಗ್ ಪೂರ್ತಿ ಸುಟ್ಟಿತ್ತು. ಇನ್ನೊಂದು ಸಲ ತೇಪೆ ಹಾಕುವುದಕ್ಕಿಂತ ಎಲ್ಲ ಹೊಸದು ಮಾಡಿಸುವುದೇ ವಾಸಿ ಎಂದ. ಕೆಂಪಣ್ಣನೂ ಒಪ್ಪಿದ.

ಆಗ ರಂಜಿತ ಮುಂದೆ ಬಂದು ಕೇಳಿದಳು, "ಲೋಕೇಶಣ್ಣ, ಹೆಂಗೂ ಹೊಸದು ಮಾಡ್ತಿದ್ದೀರಿ. ಮೇಲೊಂದು ಟ್ಯಾಂಕ್ ಕೂರ್ಸಿದ್ರೆ ಅಡಿಗೆಮನೆಗೂ ಬಚ್ಚಲಿಗೂ ನಲ್ಲಿ ಬರಾಕಿಲ್ವಾ?"

"ಯಾಕ್ ಬರಾಕಿಲ್ಲ ಅಕ್ಕ? ಕೊಟ್ಟಿಗೆ ಪಕ್ಕ ಕಬ್ಬಿಣದ್ ಸ್ಟ್ಯಾಂಡ್ ಹಾಕಿ ಟ್ಯಾಂಕ್ ಇಟ್ರೆ ತಾನಾಗೇ ಹರೀತದೆ. ಒಂದ್ ಲೈನ್ ಅಗೀಬೇಕು ಅಷ್ಟೆ."

ಎಲ್ಲರೂ ಕೆಂಪಣ್ಣನ ಮುಖ ನೋಡಿದರು. "ಆಯ್ತು, ಹಾಕು," ಎಂದ ಅವನು. ಪುಟ್ಟಗೌರಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ರಂಜಿತ ಒಳಗೆ ಹೋಗಿ ಅಡಿಗೆಮನೆಯ ಗೋಡೆಯ ಮೇಲೆ, ಸೊಂಟದ ಎತ್ತರಕ್ಕೆ, ಇದ್ದಲಿನಲ್ಲಿ ಒಂದು ಗುರುತು ಹಾಕಿದಳು.

ಮುಂದಿನ ವಾರ ಹೊಸ ಮೋಟ್ರು ಇಳಿಯಿತು. ಟ್ಯಾಂಕು ಸ್ಟ್ಯಾಂಡಿನ ಮೇಲೆ ಕೂತಿತು. ಗುರುವಾರ ಮಧ್ಯಾಹ್ನ ಲೋಕೇಶ್ ಟ್ಯಾಂಕಿನ ಬುಡದಿಂದ ಅಡಿಗೆಮನೆಯ ಗೋಡೆವರೆಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ. ಅದನ್ನು ನೋಡಿಕೊಂಡೇ ರಂಜಿತ ಸಂಜೆಯ ಹಾಲಿಗೆ ಹೊರಟಳು.

ಅವಳು ಏಳಕ್ಕೆ ವಾಪಸು ಬಂದಾಗ ಲೋಕೇಶನ ಗಾಡಿ ಇರಲಿಲ್ಲ. ಕೊಟ್ಟಿಗೆಯೊಳಗೆ ಮೂರು ಹೊಸ ನಲ್ಲಿ, ಅದರಲ್ಲೊಂದಕ್ಕೆ ಉದ್ದನೆಯ ರಬ್ಬರ್ ಪೈಪು. ಟ್ಯಾಂಕಿನ ಕೆಳಗೆ ಇನ್ನೊಂದು ನಲ್ಲಿ. ಅಂಗಳದ ಸುಣ್ಣದ ಗೆರೆಯನ್ನು ಯಾರೋ ಕಾಲಿನಿಂದ ಉಜ್ಜಿ ಅಳಿಸಿದ್ದರು.

"ಅಡಿಗೆಮನೆ ಲೈನು ಎಲ್ಲಿ?" ಎಂದಳು, ಹೆಲ್ಮೆಟ್ಟು ಕೂಡ ತೆಗೆಯದೆ.

ನಿಂಗರಾಜು ಅಪ್ಪನ ಕಡೆ ನೋಡಿದ. ಕೆಂಪಣ್ಣ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ. "ಬ್ಯಾಡ ಅಂದೆ. ಅದು ಅವ್ವನ ಗುಡ್ಡೆ ಮಗ್ಗಲಲ್ಲೇ ಓಯ್ತದೆ. ಸತ್ತೋರ್ ತಲೆ ಹತ್ರ ಅಗಿಯೋದಾ?"

ಕೊಟ್ಟಿಗೆಗೂ ಮನೆಗೂ ನಡುವೆ, ಹೊಂಗೆ ಮರದ ಕೆಳಗೆ ಕೆಂಪಣ್ಣನ ತಾಯಿಯನ್ನು ಮಣ್ಣು ಮಾಡಿ ಹನ್ನೊಂದು ವರ್ಷವಾಗಿತ್ತು. ಸುತ್ತ ನಾಲ್ಕು ಕಲ್ಲು ನೆಟ್ಟಿದ್ದರು.

"ಎರಡು ಮಾರು ದೂರ ಅದೆ ಮಾವ. ಬೇಡ ಅಂದ್ರೆ ಸುತ್ತಾಕ್ಕೊಂಡು ತರ್ಲಿ."

"ಆ ಕಡೆ ಬಂಡೆ ಅದೆ, ಆಗಾಕಿಲ್ಲ. ಟ್ಯಾಂಕ್ ಕೆಳೀಕೇ ನಲ್ಲಿ ಹಾಕ್ಸಿವ್ನಲ್ಲ, ಅಲ್ಲಿಂದ ನಾಕೆಜ್ಜೆ ತರಾಕಾಗಾಕಿಲ್ವಾ?"

"ತೊಂಬತ್ತು ಹೆಜ್ಜೆ. ಎಣ್ಸಿವ್ನಿ. ಕೊನೇಗೆ ಐದು ಮೆಟ್ಲು." ಅವಳು ಗಂಡನ ಕಡೆ ತಿರುಗಿದಳು. "ನೀವೇನೂ ಅನ್ನಿಲ್ವಾ?"

"ಅಪ್ಪ ಬ್ಯಾಡ ಅಂದ್ಮೇಲೆ ನಾನೇನ್ ಅನ್ಲಿ?"

"ಕೊಟ್ಟಿಗೇಗೆ ಮೂರ್ ನಲ್ಲಿ ಸಾಲ್ದು, ಒಂದ್ ಪೈಪೂ ಬೇಕು ಅಂತ ಹೇಳೋವಾಗ ಬಾಯಿ ಇತ್ತಲ್ಲ?"

"ಅಸು ಮೈ ತೊಳೀಬೇಕಲ್ಲ ಕಣೇ!"

"ತೊಳೀರಿ. ನಾಳೆಯಿಂದ ನಾನಾಗ್ಲಿ ನನ್ ಮಗಳಾಗ್ಲಿ ಈ ಮನೆಗೆ ನೀರು ಹೊರಾಕಿಲ್ಲ. ನಮ್ಮಿಬ್ಬರಿಗೆ ಎಷ್ಟು ಬೇಕೋ ಅಷ್ಟು ತಂದ್ಕೋತೀವಿ. ಮಿಕ್ಕಿದ್ದು ನಿಮ್ ನಿಮ್ದು."

ಒಳಗಿಂದ ಪುಟ್ಟಗೌರಮ್ಮ ಈಚೆ ಬಂದಳು. ಅವಳ ಸಿಟ್ಟು ತಿರುಗಿದ್ದು ಸೊಸೆಯ ಮೇಲೆಯೇ. "ಏನಮ್ಮಿ ಇದು, ಗಂಡಸ್ರ ಮುಂದೆ ಇಂಗಾ ಮಾತಾಡೋದು? ನಲ್ವತ್ತೆರಡೊರ್ಷ ಹೊತ್ತಿವ್ನಿ ನಾನು. ನನ್ ಸೊಂಟ ಏನ್ ಬಿದ್ದೋಯ್ತಾ?"

"ಬಿದ್ದೋಗಿದೆ ಅತ್ತೆ. ನೀವ್ ನೋಡ್ಕೊಂಡಿಲ್ಲ ಅಷ್ಟೆ."

ಮಾರನೆಯ ದಿನದಿಂದ ಆ ಮನೆಯಲ್ಲಿ ಎರಡು ನೀರಾಯಿತು. ರಂಜಿತ ಡೈರಿಯಿಂದ ಬಂದವಳೇ ಎರಡು ಕೊಡ ತಂದು ತನ್ನ ಕೋಣೆಯ ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ತನ್ನ ತಟ್ಟೆ, ಮಗಳ ತಟ್ಟೆ, ಇಬ್ಬರ ಬಟ್ಟೆ, ಇಷ್ಟನ್ನು ತೊಳೆದು ಸುಮ್ಮನಾಗುತ್ತಿದ್ದಳು. ಅಡಿಗೆಗೆ ತರಕಾರಿ ಹೆಚ್ಚಿಕೊಟ್ಟಳು, ರೊಟ್ಟಿ ತಟ್ಟಿದಳು, ಕಸ ಗುಡಿಸಿದಳು, ಮನೆಯ ನೀರಿನ ಕೊಡ ಮಾತ್ರ ಮುಟ್ಟಲಿಲ್ಲ. ನಿಂಗರಾಜು ಎರಡು ದಿನ ಎಂಜಲು ತಟ್ಟೆಯನ್ನು ಹಾಗೇ ಬಿಟ್ಟು ಎದ್ದ. ಮೂರನೆಯ ದಿನ ಅದೇ ತಟ್ಟೆ ಒಣಗಿ ಅವನ ಮುಂದೆಯೇ ಬಂತು.

"ಇದೇನು, ತೊಳ್ದಿಲ್ವಾ?"

"ನಲ್ಲಿ ಅಲ್ಲಿ ಅದೆ," ಎಂದು ರಂಜಿತ ಕೊಟ್ಟಿಗೆ ಕಡೆ ಕೈ ತೋರಿಸಿದಳು.

ಅವನು ಬೈದುಕೊಂಡು ತಟ್ಟೆ ಹಿಡಿದು ಹೋದ. ಆಮೇಲೆ ಸ್ನಾನವನ್ನೂ ಅಲ್ಲೇ, ಹಸುಗಳ ಪಕ್ಕದಲ್ಲಿ, ಪೈಪು ಹಿಡಿದು ಮಾಡತೊಡಗಿದ.

ಕೆಂಪಣ್ಣನಿಗೆ ಅದು ಆಗುತ್ತಿರಲಿಲ್ಲ. ಅವನಿಗೆ ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು ಬೇಕು. ಹಂಡೆಗೆ ಆರು ಕೊಡ. ಅಡಿಗೆಗೆ, ಕುಡಿಯುವುದಕ್ಕೆ, ಪಾತ್ರೆಗೆ ಎಂದು ಇನ್ನೂ ಏಳೆಂಟು. ಅಷ್ಟನ್ನೂ ಪುಟ್ಟಗೌರಮ್ಮ ಒಬ್ಬಳೇ ಹೊತ್ತಳು. ಐದು ಮೆಟ್ಟಿಲು ಹತ್ತುವಾಗ ಗೋಡೆಗೆ ಕೈ ಕೊಟ್ಟು ನಿಲ್ಲುತ್ತಿದ್ದಳು. ನಿಂತಾಗಲೆಲ್ಲ ಸೊಸೆಯನ್ನು ಬಯ್ಯುತ್ತಿದ್ದಳು, ಕೇಳಿಸುವ ಹಾಗೆ.

ಬುಧವಾರ ಬೆಳಿಗ್ಗೆ ರಂಜಿತ ಸ್ಕೂಟರು ನಿಲ್ಲಿಸುವಾಗ ಸ್ನೇಹ ಒಂದು ಕೊಡ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

"ಇಳ್ಸು ಕೊಡನ," ಎಂದಳು ರಂಜಿತ.

"ಅಜ್ಜಿಗೆ ಮಂಡಿ ಊದಿದೆ ಅಮ್ಮ."

"ಇಳ್ಸು ಅಂದೆ!"

ಹುಡುಗಿ ಮೆಟ್ಟಿಲ ಮೇಲೆ ಕೊಡ ಇಟ್ಟು ಅಳುತ್ತ ಒಳಗೆ ಹೋದಳು. ಪುಟ್ಟಗೌರಮ್ಮ ಬಾಗಿಲಿಗೆ ಒರಗಿ ನಿಂತು ಎಲ್ಲ ನೋಡಿದಳು.

"ಎಂಥಾ ರಾಕ್ಷಸಿನೇ ನೀನು! ನನ್ ಮ್ಯಾಲಿನ್ ಸಿಟ್ಟ ಮಗೀನ್ ಮ್ಯಾಲೆ ತೀರಿಸ್ಕೋತಿದ್ದೀಯಾ?"

"ನಿಮ್ ಮ್ಯಾಲೆ ಸಿಟ್ಟಿಲ್ಲ ಅತ್ತೆ. ಇವತ್ತು ಇವಳ ಸೊಂಟದಿಂದ ಕೊಡ ಇಳುಸ್ನಿಲ್ಲ ಅಂದ್ರೆ, ನಿಮ್ ವಯಸ್ಸಾದ್ರೂ ಯಾರೂ ಇಳ್ಸಾಕಿಲ್ಲ. ಮಾವಂಗೆ ಒಂದ್ ಮಾತು ಹೇಳಿ, ಕೊಟ್ಟಿಗೇಲೇ ಸ್ನಾನ ಮಾಡ್ಲಿ."

"ನನ್ ಗಂಡಂಗೆ ನಾನ್ ಹೊತ್ಕೋತೀನಿ. ನೀನ್ ಬಾಯ್ ಮುಚ್ಕೊಂಡಿರು."

ಭಾನುವಾರ ಬೆಳಿಗ್ಗೆ ಕರೆಂಟು ಇರಲಿಲ್ಲ, ಟ್ಯಾಂಕಿನಲ್ಲಿ ನೀರು ಅರ್ಧಕ್ಕಿಂತ ಕಡಿಮೆ ಇತ್ತು. ಪುಟ್ಟಗೌರಮ್ಮ ಟ್ಯಾಂಕಿನ ಕೆಳಗೆ ಕೊಡ ಇಟ್ಟು ನಲ್ಲಿ ತಿರುಗಿಸಿದರೆ ದಾರದಷ್ಟು ಸಣ್ಣಗೆ ಬಂತು. ಕೊಟ್ಟಿಗೆಯಲ್ಲಿ ಕೆಂಪಣ್ಣ ಪೈಪು ಹಿಡಿದು ಹಸುವಿನ ಬೆನ್ನು ತೊಳೆಯುತ್ತಿದ್ದ. ನೀರು ಧಾರಾಳವಾಗಿ ಸುರಿದು ಮೋರಿ ಸೇರುತ್ತಿತ್ತು.

"ಒಸಿ ಆ ಪೈಪು ನಿಲ್ಸಿ. ಇಲ್ಲಿ ನೀರೇ ಬತ್ತಾ ಇಲ್ಲ."

"ಇರು, ಗೌರಿ ಮೈ ತೊಳ್ದ್ಬುಟ್ಟು ನಿಲ್ಸ್ತೀನಿ."

ಆ ಹಸುವನ್ನು ಕೆ.ಆರ್. ಪೇಟೆಯಿಂದ ತಂದ ದಿನ ಹೆಸರಿಟ್ಟವನು ಕೆಂಪಣ್ಣನೇ. ಮನೆಯಲ್ಲೊಬ್ಬಳು ಗೌರಿ, ಕೊಟ್ಟಿಗೆಯಲ್ಲೊಬ್ಬಳು ಗೌರಿ ಎಂದು ನಕ್ಕಿದ್ದ. ಪುಟ್ಟಗೌರಮ್ಮನೂ ಆಗ ನಕ್ಕಿದ್ದಳು. ಈಗ ಕೊಡದ ಪಕ್ಕದಲ್ಲಿ ನಿಂತು ನೋಡಿದಳು. ಅವನು ಹಸುವಿನ ಕಿವಿಯ ಹಿಂದೆ, ಗಂಗೆದೊಗಲಿನ ಕೆಳಗೆ, ಗೊರಸಿನ ಸಂದಿಯಲ್ಲೆಲ್ಲ ಬೆರಳಾಡಿಸಿ ತೊಳೆದ. ಅದು ಮುಗಿಯಿತು. ಪೈಪನ್ನು ಪಕ್ಕದ ಹಸುವಿಗೆ ತಿರುಗಿಸಿದ.

"ನಿಲ್ಸ್ತೀನಿ ಅಂದ್ರಲ್ಲ?"

"ಇದ್ನೂ ಒಂದ್ ಮುಗುಸ್ಬುಡ್ತೀನಿ. ನಿಂದೇನ್ ಅರ್ಜೆಂಟು?"

"ನಿಮ್ ಹಂಡೇಗೇ ತಕ್ಕೊಂಡೋಗ್ತಿರೋದು."

"ಅದುಕ್ಕೇ ಅಂದೆ, ಅವಸರ ಇಲ್ಲ, ನಿಂತ್ಕೊ ಅಲ್ಲೇ."

ಪುಟ್ಟಗೌರಮ್ಮ ನಿಲ್ಲಲಿಲ್ಲ. ಅರ್ಧ ತುಂಬಿದ ಕೊಡವನ್ನು ಕಾಲಿನಿಂದ ಒದ್ದಳು. ಅದು ಉರುಳಿ ಸ್ಟ್ಯಾಂಡಿನ ಕಾಲಿಗೆ ಬಡಿದು ನಿಂತಿತು. ಕೊಟ್ಟಿಗೆ ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡಳು. ಟ್ಯಾಂಕಿನ ಬುಡದಿಂದ ಮನೆ ಕಡೆಗೆ, ಸುಣ್ಣದ ಗೆರೆ ಇದ್ದ ಜಾಗದಲ್ಲೇ ಮೊದಲ ಏಟು ಹಾಕಿದಳು. ಮಣ್ಣು ಒಣಗಿ ಗಟ್ಟಿಯಾಗಿತ್ತು. ಎರಡನೆಯ ಏಟು, ಮೂರನೆಯ ಏಟು.

ಸದ್ದು ಕೇಳಿ ಕೆಂಪಣ್ಣ ಪೈಪು ಬಿಸಾಡಿ ಓಡಿ ಬಂದ. "ಏನೇ ಮಾಡ್ತಿದ್ದೀ?"

"ಲೈನ್ ಅಗೀತಿವ್ನಿ."

"ಅವ್ವನ ಗುಡ್ಡೆ ಕಣೇ ಅದು!"

"ನಂಗೊತ್ತಿಲ್ವಾ? ಹೋದೊರ್ಷದ್ ಹಿಂದ್ಲೊರ್ಷ ಟ್ರಾಕ್ಟರ್ ತಿರುಗಾಕೆ ದಾರಿ ಸಾಲ್ದು ಅಂತ ಜೇಸಿಬಿ ತರ್ಸಿ ಈ ಕಲ್ಲೆಲ್ಲ ಕಿತ್ತು ಒಳೀಕ್ ನೆಡ್ಸಿದ್ಯಲ್ಲ? ಅವತ್ತು ನಿಮ್ಮವ್ವ ಎಲ್ಲಿಗ್ ಓಗಿದ್ಲು, ನೆಂಟ್ರ ಮನೆಗಾ?"

ಮದುವೆಯಾದಾಗಿನಿಂದ ಒಂದು ದಿನವೂ ಕೆಂಪಣ್ಣನನ್ನು 'ನೀನು' ಎನ್ನದ ಹೆಂಡತಿ ಈಗ ಗುದ್ದಲಿ ಎತ್ತಿಕೊಂಡು ಹಾಗೆ ಅನ್ನುತ್ತಿದ್ದಳು.

"ನಾಕೊರ್ಷ ಮಲಗಿದ್ಲು ಆಯಮ್ಮ. ಅವಳ ಸೀರೆ, ಅವಳ ಹಾಸಿಗೆ, ಅವಳ ಮೈ. ದಿನಾ ಎಂಟು ಕೊಡ ಅವಳೊಬ್ಬಳಿಗೇ. ನೀನ್ ಹೆತ್ತ ಮಗ, ಒಂದ್ ಚೊಂಬು ತಂದಿದ್ಯಾ? ಸಾಯೋ ಮುಂಚೆ ನನ್ ಕೈ ಹಿಡ್ಕೊಂಡು, ನಿನ್ ಸೊಂಟ ಮುರ್ದಾಕ್ಬುಟ್ಟೆ ಕಣವ್ವ ಅಂತ ಅತ್ಲು. ಈ ಲೈನ್ ಬ್ಯಾಡ ಅನ್ನೋಳು ಅವಳಲ್ಲ. ನೀನು!"

"ಅಗುದ್ರೆ ನನ್ ಕಾಲ್ ಮ್ಯಾಲೆ ಅಗಿ," ಎಂದು ಅವನು ಗೆರೆಯ ಮೇಲೆ ಬಂದು ನಿಂತ.

ಅವಳು ಗುದ್ದಲಿ ಎತ್ತಿ ಅವನ ಹೆಬ್ಬೆರಳಿನಿಂದ ಒಂದು ಗೇಣು ಈಚೆ ಹಾಕಿದಳು. ಹೆಂಟೆ ಸಿಡಿದು ಅವನ ಪಂಚೆಗೆ ಬಡಿಯಿತು. ಎರಡನೆಯ ಏಟಿಗೆ ಕೆಂಪಣ್ಣ ಹಿಂದಕ್ಕೆ ಸರಿದ.

ರಂಜಿತ ಡೈರಿಯಿಂದ ಬಂದಾಗ ಅತ್ತೆಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮುಖವೆಲ್ಲ ಮಣ್ಣು. ಸೊಸೆ ಹಾರೆ ತಂದು ಎದುರು ತುದಿಯಿಂದ, ಅಡಿಗೆಮನೆಯ ಗೋಡೆಯಿಂದ ಶುರುಮಾಡಿದಳು. ಸ್ನೇಹ ಮಂಕರಿ ಹಿಡಿದು ಮಣ್ಣು ಎತ್ತಿದಳು. ಮೇವು ತರಲು ಹೋಗಿದ್ದ ನಿಂಗರಾಜು ಹಸಿ ಜೋಳದ ಹೊರೆ ಇಳಿಸಿ ಎರಡೂ ಕಡೆ ನೋಡಿದ.

"ಲೇ ನಿಂಗ," ಎಂದಳು ತಾಯಿ, ಏದುಸಿರು ಬಿಡುತ್ತ. "ಸನಿಕೆ ತಕ್ಕೊ. ಇಲ್ಲಾಂದ್ರೆ ಓಗಿ ನಿಮ್ಮಪ್ಪನ್ ಪಕ್ಕ ನಿಂತ್ಕೊ. ಮಧ್ಯದಾಗ್ ಮಾತ್ರ ನಿಂತ್ಕೋಬ್ಯಾಡ."

ಅಪ್ಪ ಜಗಲಿಯಿಂದ ಅವನನ್ನೇ ನೋಡುತ್ತಿದ್ದ. ನಿಂಗರಾಜು ಅಂಗಿ ಬಿಚ್ಚಿ ಹೊಂಗೆ ಕೊಂಬೆಗೆ ನೇತುಹಾಕಿ ಸನಿಕೆ ಹಿಡಿದ. ಕೆಂಪಣ್ಣ ಎದ್ದು ಚಪ್ಪಲಿ ಮೆಟ್ಟಿ ಊರ ಕಡೆ ಹೊರಟುಹೋದ.

ಮಧ್ಯಾಹ್ನ ಅಡಿಗೆಮನೆಯ ನೆರಳಿನಲ್ಲಿ ಕೂತು ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತಿದ್ದ ಪುಟ್ಟಗೌರಮ್ಮನ ಮುಂದೆ ರಂಜಿತ ಮಜ್ಜಿಗೆ ಇಟ್ಟಳು.

"ನಿಂದು ಸರಿ ಅಂತ ನಾನ್ ಅಗುದಿದ್ದಲ್ಲ," ಎಂದಳು ಅತ್ತೆ. "ಹತ್ ದಿನ ನನ್ನೊಬ್ಬಳ್ನೇ ಹೊರಂಗ್ ಮಾಡ್ದೆ ನೀನು. ಅದ್ನ ನಾ ಮರ್ಯಾಕಿಲ್ಲ."

"ಮರೀಬ್ಯಾಡಿ ಅತ್ತೆ," ಎಂದಳು ರಂಜಿತ.

ಮಂಗಳವಾರ ಲೋಕೇಶ್ ಬಂದು ಪೈಪು ಹಾಸಿದ. ಗೋಡೆ ಕೊರೆದು ಇದ್ದಲಿನ ಗುರುತಿದ್ದ ಜಾಗದಲ್ಲಿ ನಲ್ಲಿ ಕೂರಿಸಿದ, ಬಚ್ಚಲಿಗೆ ಇನ್ನೊಂದು. ಪುಟ್ಟಗೌರಮ್ಮನೇ ತಿರುಗಿಸಿದಳು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಮ್ಮಣ್ಣಿನ ನೀರು, ಆಮೇಲೆ ತಿಳಿ. ಅವಳು ಅದರ ಕೆಳಗೆ ಎರಡೂ ಕೈ ಹಿಡಿದು ನಿಂತಳು. "ಅತ್ತೆ, ಟ್ಯಾಂಕ್ ಖಾಲಿ ಆಯ್ತದೆ," ಎಂದು ರಂಜಿತ ಹೇಳುವ ತನಕ ನಿಲ್ಲಿಸಲಿಲ್ಲ.

ಆ ರಾತ್ರಿ ಕೆಂಪಣ್ಣ ತಟ್ಟೆಯ ಮುಂದೆ ಕೂತು ಕೇಳಿದ, "ಇದು ಯಾವ್ ನೀರಲ್ಲಿ ಮಾಡಿದ್ದು?"

"ನಲ್ಲೀದು."

"ಅವ್ವನ ಮಗ್ಗಲಿಂದ ಬಂದ ನೀರು ನಾ ಮುಟ್ಟಾಕಿಲ್ಲ."

"ಮುಟ್ಬ್ಯಾಡ," ಎಂದಳು ಪುಟ್ಟಗೌರಮ್ಮ. "ಟ್ಯಾಂಕ್ ಕೆಳಗ್ಲ ನಲ್ಲಿಯಿಂದ ತಂದ್ಕೊಡು, ನಿಂಗೆ ಬೇರೆ ಬೇಯಿಸ್ಕೊಡ್ತೀನಿ. ಸ್ನಾನಕ್ಕೂ ತಂದ್ಕೊ, ಕಾಯ್ಸ್ಕೊಡ್ತೀನಿ. ತರಾದು ಮಾತ್ರ ನೀನೇ."

ಅವನು ತಟ್ಟೆ ತಳ್ಳಿ ಎದ್ದ. ಯಾರೂ ಹಿಂದೆ ಹೋಗಿ ಕರೆಯಲಿಲ್ಲ. ಬುಧವಾರ ಕುಳ್ಳಯ್ಯನ ಮನೆಯಲ್ಲಿ ಉಂಡ. ಗುರುವಾರ ದೇವಲಾಪುರದ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದ. ಸ್ನಾನವಿಲ್ಲದೆ ಮೂರು ದಿನವಾಗಿತ್ತು. ನಿಂಗರಾಜು ಒಮ್ಮೆ, "ಅವ್ವ, ನಾನೇ ನಾಕ್ ಕೊಡ ತಂದ್ಬುಡ್ತೀನಿ, ಗಲಾಟೆ ಸಾಕು," ಎಂದ. "ಇಷ್ಟೊರ್ಷ ನಂಗ್ಯಾಕ್ ತಂದ್ಕೊಡ್ನಿಲ್ಲ?" ಎಂದು ತಾಯಿ ಕೇಳಿದಳು.

ಶುಕ್ರವಾರ ಬೆಳಿಗ್ಗೆ ಕೆಂಪಣ್ಣ ಕೊಡ ಎತ್ತಿಕೊಂಡ. ಬಾಯಿತನಕ ತುಂಬಿಸಿ, ಹೆಗಲಿಗೇರಿಸಿ ಹೊರಟ. ಪ್ರತಿ ಹೆಜ್ಜೆಗೂ ನೀರು ತುಳುಕಿ ಅಂಗಿ ಬೆನ್ನಿಗೆ ಅಂಟಿತು. ಹೊಂಗೆ ಮರದ ಹತ್ತಿರ ನಿಂತು ಕೊಡ ಇಳಿಸಿ ಉಸಿರು ತೆಗೆದುಕೊಂಡ. ಕೊಟ್ಟಿಗೆಯಿಂದ ನಿಂಗರಾಜು ಏಳಲು ಹೋದಾಗ, "ನೀನ್ ಆಲ್ ಕರಿಯಲಾ," ಎಂದು ತಾಯಿ ಬಾಗಿಲಿನಿಂದಲೇ ಗದರಿದಳು. ಸ್ನೇಹ ಸೈಕಲ್ಲು ತಳ್ಳಿಕೊಂಡು ಅವನ ಎದುರಿಗೆ ಬಂದಳು. ಮೊಮ್ಮಗಳು ಸೈಕಲ್ಲು ನಿಲ್ಲಿಸಿ ಕೈ ಹಾಕುತ್ತಾಳೆಂದು ಅವನು ಕೊಡ ಬಿಟ್ಟು ನಿಂತ.

"ತಾತ, ಒಸಿ ದಾರಿ ಬುಡಿ. ಸ್ಕೂಲ್ ಬೆಲ್ ಆಯ್ತದೆ," ಎಂದಳು ಹುಡುಗಿ.

ಅವನು ದಾರಿ ಬಿಟ್ಟ. ಸೈಕಲ್ಲು ಹೋದಮೇಲೆ ಮತ್ತೆ ಬಗ್ಗಿ ಕೊಡ ಎತ್ತಿ, ಮೆಟ್ಟಿಲಿನವರೆಗೆ ಬಂದು ಗೋಡೆಗೆ ಕೈ ಕೊಟ್ಟ. ಪುಟ್ಟಗೌರಮ್ಮ ಒಂದು ಮೆಟ್ಟಿಲೂ ಇಳಿಯಲಿಲ್ಲ.

"ಬಾಯಿತಂಕ ತುಂಬುಸ್ಬಾರ್ದು," ಎಂದಳು. "ನಾಕ್ ಬೆರ್ಳು ಕೆಳಗಿರ್ಬೇಕು. ತುಳುಕಾಕಿಲ್ಲ."

ಕೆಂಪಣ್ಣ ಮೆಟ್ಟಿಲು ಹತ್ತಿ ಕೊಡವನ್ನು ಹಂಡೆಗೆ ಸುರಿದ.

"ಹಂಡೇಗೆ ಇನ್ನೂ ಐದು ಬೇಕು," ಎಂದು ಹೇಳಿ ಅವಳು ಒಳಗೆ ಹೋದಳು.